ಸದ್ದಿಗೆ ಕಿವಿಗೊಡುವ ಗನಿಸಾಬರು

ಪಿಕಪ್ ಗಾಡಿ ಓಡಿಸುತ್ತಿದ್ದ ದೇವಿಂದ್ರಪ್ಪ ತೀರಿಹೋದ ಸುದ್ದಿ ಸೇಡಮ್ಮಿಗೆ ಬರುವಾಗ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಚಿಂಚೋಳಿ ರಸ್ತೆಯ ಅಂಚಿನ ತಗಡಿನ ಚಪ್ಪರದಲ್ಲಿ ಗನಿಸಾಬರು ಬೆಳಗಿನ ನಮಾಜು ಮುಗಿಸಿದ್ದಾರೆ. ಗೋಣಿತಟ್ಟು ಹಾಸಿಕೊಂಡು, ಒಂದು ಹಳೆಯ ಲಾರಿಯ ಮುಂಭಾಗದ ಕೆಳಗೆ ಅಂಗಾತ ಮಲಗಿದ್ದಾರೆ. ಎರಡು ಮುಂಗಾಲಿಗಳನ್ನು ಕೂಡಿಸುವ ಕಬ್ಬಿಣದ ಕೋಲನ್ನು ಹಿಡಿದು ಅಲುಗಿಸುತ್ತಾರೆ, ಉಸಿರು ಬಿಗಿಹಿಡಿದು ಕಿವಿಗೊಡುತ್ತಾರೆ, ಮತ್ತೆ ಅಲುಗಿಸುತ್ತಾರೆ. ಊರಿನಲ್ಲಿ ಬೀಸುಕಲ್ಲು ತಿರುಗತೊಡಗಿದರೆ, ಕೋಳಿ ಕೂಗಿದರೆ, ಅವರಿಗೆ ಕೀಲಿನ ಸದ್ದು ಸ್ಪಷ್ಟವಾಗಿ ಕೇಳುವುದಿಲ್ಲ. ಅದಕ್ಕಾಗಿಯೇ ಅವರ ಪರೀಕ್ಷೆಯೆಲ್ಲ ಈ ಹೊತ್ತಿನಲ್ಲಿ.

ಶಹಾಬಾದಿನ ಗಣಿಗಳಿಂದ ಹಾಸುಗಲ್ಲು ಹೊರುವ ಲಾರಿಯ ಡ್ರೈವರ್ ಚಾಂದ್ ಬಂದು ಚಪ್ಪರದ ಕಂಬ ಹಿಡಿದು ನಿಲ್ಲುತ್ತಾನೆ.

“ಗನಿ ಭಾಯ್, ಜರಾ ಹೊರಗ ಬರ್ರಿ.”

“ಯಾಕ, ನಿನ್ನ ಗಾಡಿ ಮತ್ತ ಹಟ ಹಿಡದದೇನು?”

“ನನ್ ಗಾಡಿ ಅಲ್ರಿ. ದೇವಿಂದ್ರಪ್ಪಂದು. ನಿನ್ನಿ ಸಂಜಿ ಮುಂದ ಹಳ್ಳದ ಮೋರಿ ಮ್ಯಾಲಿಂದ ತೆಳಗ ಬಿದ್ದದ. ಗಾಡ್ಯಾಗ ಅವನೊಬ್ಬನೇ ಇದ್ದ. ಉಳೀಲಿಲ್ರಿ.”

ಲಾರಿಯ ಕೆಳಗೆ ಕೋಲಿನ ಅಲುಗಾಟ ನಿಲ್ಲುತ್ತದೆ. ಎರಡು ಕಾಲುಗಳಷ್ಟೇ ಹೊರಗೆ ಕಾಣುತ್ತವೆ, ಅವು ಅಲುಗುವುದಿಲ್ಲ. ಚಾಂದನೇ ಮುಂದುವರಿಸುತ್ತಾನೆ. “ಹೊಲದಾಗಿದ್ದವ್ರು ನೋಡ್ಯಾರಂತ. ಇಳಿಜಾರಿನ್ಯಾಗ ಸ್ಟೇರಿಂಗ್ ಗರಗರ ತಿರುಗಿಸಾಕತ್ತಿದ್ನಂತ, ಗಾಡಿ ಮಾತ್ರ ಅವನ ಮಾತು ಕೇಳ್ದೆ ನೆಟ್ಟಗ ಹೋಯ್ತಂತ.”

ಗನಿಸಾಬರು ಹೊರಗೆ ಬರುತ್ತಾರೆ, ಕೈ ಒರೆಸಿಕೊಳ್ಳುತ್ತಾರೆ. ಒರೆಸಿದ ಕೈಯನ್ನೇ ಮತ್ತೆ ಮತ್ತೆ ಒರೆಸುತ್ತಾರೆ. ಆ ಪಿಕಪ್ ಗಾಡಿಯ ಸ್ಟೇರಿಂಗನ್ನು ಕಳೆದ ದೀಪಾವಳಿಯ ಹೊತ್ತಿನಲ್ಲಿ ಬಿಚ್ಚಿ ಜೋಡಿಸಿದವರು ಅವರೇ. ಕೀಲಿನ ತಿರುಪು ತಾನಾಗಿ ಬಿಚ್ಚಿಕೊಳ್ಳದಂತೆ ಅಡ್ಡಲಾಗಿ ಒಂದು ಸಣ್ಣ ಪಿನ್ನು ಹಾಕಬೇಕು. ಎರಡು ಕಾಲಿನ ತಂತಿಯಂಥದು, ಕಿರುಬೆರಳಿನಷ್ಟೂ ಇಲ್ಲ. ಅದನ್ನು ಹಾಕಿದ್ದೆನೆ? ಹಾಕದೆ ಇರುತ್ತೇನೆಯೆ? ಆದರೆ ಹಾಕಿದ ಆ ಗಳಿಗೆ ಅವರ ನೆನಪಿಗೆ ಬರುವುದಿಲ್ಲ. ಕೈಗೆ ರೂಢಿಯಾದ ಕೆಲಸ ಮನಸ್ಸಿನಲ್ಲಿ ಗುರುತು ಬಿಡುವುದಿಲ್ಲ. ಅಂದಿನಿಂದ ಅವರಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ನಡುವೆ ಓಡಾಡುವ ಹಳೆಯ ಗಾಡಿಗಳ ಮುಂಗಾಲಿ ನೆಟ್ಟಗಿದ್ದರೆ ಅದಕ್ಕೆ ಬಹುಮಟ್ಟಿಗೆ ಈ ಮನುಷ್ಯರೇ ಕಾರಣ. ಆದರೂ ಅವರ ಹೆಸರನ್ನು ಯಾವ ಬೋರ್ಡೂ ಹೇಳುವುದಿಲ್ಲ, ಯಾಕೆಂದರೆ ಅವರ ಚಪ್ಪರಕ್ಕೆ ಬೋರ್ಡೇ ಇಲ್ಲ. ತಂದೆ ಸೇಡಮ್ಮಿನಲ್ಲಿ ಕುದುರೆ ಎತ್ತುಗಳಿಗೆ ಲಾಳ ಕಟ್ಟುತ್ತಿದ್ದವರು. ಮಗ ಹುಡುಗುತನದಲ್ಲೇ ವಾಡಿ ಜಂಕ್ಷನ್ನಿಗೆ ಹೋಗಿ ಎಂಜಿನ್ ಶೆಡ್ಡಿನಲ್ಲಿ ಕೂಲಿಯಾಗಿ ಸೇರಿ, ಅಲ್ಲಿ ಕಬ್ಬಿಣ ಉಜ್ಜುವ ಅರ ಹಿಡಿಯಲು ಕಲಿತರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ದಂಡಿನ ಹಳೆಯ ಗಾಡಿಗಳು ಹರಾಜಿನಲ್ಲಿ ಈ ಸೀಮೆಗೆ ಬಂದವು. ಅವುಗಳ ಹಿಂದೆ ಗನಿಸಾಬರೂ ಶೆಡ್ಡು ಬಿಟ್ಟು ಊರಿಗೆ ಬಂದರು.

“ಎಂಜಿನ್ ಕೆಟ್ರ ಗಾಡಿ ನಿಲ್ತದ, ಅಷ್ಟೇ,” ಎನ್ನುತ್ತಾರೆ ಅವರು. “ಮುಂದಿನ ಕೀಲು ಕೆಟ್ರ ಗಾಡಿ ನಿಲ್ಲಂಗಿಲ್ರಿ. ಅದೇ ಅದರ ಕೆಟ್ಟತನ. ಹೋಗ್ತಾನೇ ಇರ್ತದ.”

ಡ್ರೈವರನ ಕೈಯಲ್ಲಿರುವ ಚಕ್ರದಿಂದ ಮುಂಗಾಲಿಯವರೆಗೆ ಕಬ್ಬಿಣದ ಕೋಲುಗಳ ಒಂದು ಸಾಲಿದೆ. ಕೋಲಿಗೆ ಕೋಲು ಕೂಡುವಲ್ಲೆಲ್ಲ ಒಂದು ಬಟ್ಟಲು, ಬಟ್ಟಲಿನೊಳಗೆ ಒಂದು ಗುಂಡು. ಮನುಷ್ಯನ ಭುಜದ ಕೀಲು ಇದ್ದ ಹಾಗೆ. ನಮ್ಮ ರಸ್ತೆಗಳ ಕಲ್ಲು, ತಗ್ಗು, ಎರೆಮಣ್ಣಿನ ಧೂಳು ಸೇರಿ ಆ ಗುಂಡನ್ನು ಸವೆಸುತ್ತವೆ. ಸವೆದ ಗುಂಡು ಬಟ್ಟಲಿನಲ್ಲಿ ಆಡುತ್ತದೆ. ಆಡಿದಾಗ ಟಕ್ ಟಕ್ ಎನ್ನುತ್ತದೆ. ಹಾಗೆಯೇ ಬಿಟ್ಟರೆ ಒಂದು ದಿನ ಬಟ್ಟಲಿನಿಂದ ಕಳಚಿಕೊಳ್ಳುತ್ತದೆ. ಆಮೇಲೆ ಡ್ರೈವರನ ಕೈಯಲ್ಲಿ ಉಳಿಯುವುದು ಬರಿಯ ಚಕ್ರ.

ಗನಿಸಾಬರು ಮೊದಲು ಗಾಡಿಯ ಮೂತಿಯನ್ನು ಜಾಕಿನಿಂದ ಎತ್ತುತ್ತಾರೆ. ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿ ಒಂದು ಸಲ, ಎಡಬಲಕ್ಕೆ ಹಿಡಿದು ಒಂದು ಸಲ ನೋಡುತ್ತಾರೆ. ಯಾವ ಕೀಲು ಸಡಿಲವೆಂದು ಅಂಗೈಗೇ ತಿಳಿಯುತ್ತದೆ. ರೈಲಿನ ಹಳೆಯ ಬೇರಿಂಗಿನ ಹಿತ್ತಾಳೆ ತಂದು ಅರದಿಂದ ಉಜ್ಜಿ ಹೊಸ ಬಟ್ಟಲು ಮಾಡುತ್ತಾರೆ. ಗುಂಡಿಗೆ ಕಾಡಿಗೆ ಸವರಿ ಬಟ್ಟಲಿನಲ್ಲಿ ಕೂಡಿಸಿ ತಿರುಗಿಸಿ ತೆಗೆಯುತ್ತಾರೆ. ಕಪ್ಪು ಹತ್ತಿದ ಕಡೆ ಉಬ್ಬಿದೆ ಎಂದರ್ಥ; ಅಲ್ಲಿ ಅರದಿಂದ ಒಂದೆರಡು ಸಲ ಉಜ್ಜಿ, ಮತ್ತೆ ಕಾಡಿಗೆ, ಮತ್ತೆ ಅರ. ಕಪ್ಪು ಎಲ್ಲೆಡೆ ಒಂದೇ ಸಮ ಹತ್ತುವವರೆಗೆ ಇದೇ ಕೆಲಸ. ಕಾಡಿಗೆ ಅವರ ಹೆಂಡತಿ ಇಮಾಮ್ಬೀ ಮನೆಯಲ್ಲಿ ಕಟ್ಟಿದ್ದು. “ನನ್ನ ಕಣ್ಣಿಗಿಂತ ಗಾಡಿ ಕೀಲಿಗೇ ಭಾಳ ಕಾಡಿಗಿ ಹೋಗ್ಯಾದ್ರಿ,” ಎಂದು ಆಕೆ ಬಂದವರೆದುರು ದೂರುವುದುಂಟು. “ಇವ್ರು ನನ್ನ ಲಗ್ನ ಆಗ್ಯಾರೋ, ಮೋಟಾರಿನ್ನೋ, ನನಗಂತೂ ತಿಳಿವಲ್ದು.”

ಅವರ ಕೆಲಸದಲ್ಲಿ ಇನ್ನೊಂದು ಕಟ್ಟಳೆಯಿದೆ. ದುರಸ್ತಿಯಾದ ಗಾಡಿಯ ಮೊದಲ ಸವಾರಿಯಲ್ಲಿ ಡ್ರೈವರನ ಪಕ್ಕದಲ್ಲಿ ಗನಿಸಾಬರು ಕೂಡಲೇಬೇಕು. ಒಳ್ಳೆಯ ರಸ್ತೆಯಲ್ಲಲ್ಲ, ಇರುವುದರಲ್ಲಿ ಕೆಟ್ಟ ಇಳಿಜಾರಿನಲ್ಲಿ. “ಬಿದ್ರ ಇಬ್ರೂ ಬೀಳ್ಬೇಕಲ್ರಿ,” ಎಂದು ಅವರು ನಗುತ್ತಿದ್ದರು. ಈಗ ಆ ಮಾತು ಆಡುವುದಿಲ್ಲ.

ಚಂದಾಪುರದ ದೇವಿಂದ್ರಪ್ಪನಿಗೂ ಅವರಿಗೂ ಇದ್ದದ್ದು ಬರಿಯ ಗಿರಾಕಿಯ ಸಂಬಂಧವಲ್ಲ. ನಲವತ್ತೆಂಟರ ಪೊಲೀಸ್ ಕಾರ್ಯಾಚರಣೆಯ ಗಲಾಟೆಯಲ್ಲಿ ಗನಿಸಾಬರು ಹೆಂಡತಿಯನ್ನು ಕರೆದುಕೊಂಡು ಉಟ್ಟ ಬಟ್ಟೆಯಲ್ಲಿ ಊರು ಬಿಟ್ಟಿದ್ದರು. ಆಗ ದೇವಿಂದ್ರಪ್ಪ ಬಂಡಿ ಹೊಡೆಯುತ್ತಿದ್ದ. ಹೇಳದೆ ಕೇಳದೆ ಚಪ್ಪರಕ್ಕೆ ಬಂದು, ಅರಗಳು, ತಿರುಪು ಬಿಚ್ಚುವ ಪಾನಾಗಳು, ಜಾಕು ಎಲ್ಲವನ್ನೂ ಗೋಣಿಯಲ್ಲಿ ಕಟ್ಟಿ, ತನ್ನ ಹೊಲದ ಜೋಳದ ಕಣಿಕೆಯ ಬಣವೆಯೊಳಗೆ ಹುದುಗಿಸಿ ಇಟ್ಟ. ಊರು ತಣ್ಣಗಾಗಿ ಗನಿಸಾಬರು ಹಿಂದಿರುಗಿದಾಗ, “ಚಾಚಾ, ನಿಮ್ಮ ಸಾಮಾನು ದನ ತಿಂದಿಲ್ಲ ನೋಡ್ರಿ,” ಎಂದು ನಗುತ್ತ ತಂದಿಳಿಸಿದ. ಒಂದು ಅರಕ್ಕೂ ತುಕ್ಕು ಹಿಡಿದಿರಲಿಲ್ಲ. ಎಲ್ಲಕ್ಕೂ ಎಣ್ಣೆ ಸವರಿ ಇಟ್ಟಿದ್ದ.

ಆಮೇಲೆ ಎತ್ತು ಮಾರಿ ಆ ಹಳೆಯ ಪಿಕಪ್ಪನ್ನು ಕೊಂಡ. ಬಣ್ಣ ಕಿತ್ತುಹೋಗಿ ಕೆಂಪಗಾಗಿದ್ದುದರಿಂದ ಅದಕ್ಕೆ ಕೆಂಚಿ ಎಂದು ಹೆಸರಿಟ್ಟ. ಚಂದಾಪುರದಿಂದ ತೊಗರಿ, ಶೇಂಗಾ, ಹಿಂದಿರುಗುವಾಗ ಹಿಂಡಿ, ಹಾಸುಗಲ್ಲು. ಯಾವಾಗಲೂ ನಾಲ್ಕಾರು ಜನ. ಬಸಿರು ಹೆಂಗಸರನ್ನು ಆಸ್ಪತ್ರೆಗೆ ಮುಟ್ಟಿಸಿದ್ದೂ ಅದೇ ಗಾಡಿ. ದೀಪಾವಳಿಯಲ್ಲಿ ಅದರ ಕೀಲು ಬಿಗಿಮಾಡಿದಾಗ ಗನಿಸಾಬರು ಹೇಳಿದ್ದರು: “ಗುಂಡು ಸವದದ ದೇವಿಂದ್ರಾ. ಸುಗ್ಗಿ ಮುಗಿಯೂತನಾ ನಡೀತದ. ಟಕ್ ಅಂತ ಒಂದು ಆವಾಜ್ ಬಂತಂದ್ರ ಮಾತ್ರ ಎಲ್ಲಿದ್ರೂ ಗಾಡಿ ಬಿಟ್ಟು ನನ್ನಲ್ಲಿಗಿ ಬಾ.” ಆಮೇಲೆ ಸಂಕ್ರಾಂತಿಯ ಸಂತೆಯಲ್ಲಿ ಸಿಕ್ಕಾಗಲೂ ಕೇಳಿದ್ದರು. “ಆವಾಜೇ ಇಲ್ಲ ಚಾಚಾ, ಬೆಣ್ಣಿ ಹಂಗ ಹೋಗ್ಲಿಕತ್ತದ,” ಎಂದಿದ್ದ.

ಮಣ್ಣಿಗೆ ಹೋಗಲು ಗನಿಸಾಬರು ಚಾಂದನ ಲಾರಿ ಹತ್ತಿ ಚಂದಾಪುರಕ್ಕೆ ಹೋದರು. ಮಠದ ಗುರುಲಿಂಗಯ್ಯನವರು ವಿಧಿಯಂತೆ ದೇಹವನ್ನು ಕೂಡಿಸಿ, ಹಣೆಗೆ ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗವನ್ನಿಟ್ಟು ಗುಣಿಗೆ ಇಳಿಸಿದರು. ಗನಿಸಾಬರು ದೂರದಲ್ಲಿ ಬೇವಿನ ಗಿಡದ ಕೆಳಗೆ ನಿಂತಿದ್ದರು. ಹಿಡಿಮಣ್ಣು ಹಾಕಲು ಮುಂದೆ ಹೋದಾಗ ಗುಂಪಿನಲ್ಲಿ ಯಾರೋ, ತಗ್ಗಿದ ದನಿಯಲ್ಲೇ ಆದರೂ ಎಲ್ಲರಿಗೂ ಕೇಳುವಂತೆ, “ಗಾಡಿಗಿ ಕೈ ಹಚ್ಚಿದವ್ರೇ ಮಣ್ಣಿಗೂ ಕೈ ಹಚ್ಚಾಕ ಬಂದಾರ ನೋಡ್ರಿ,” ಎಂದರು. ಯಾರೂ ಅದನ್ನು ಅಲ್ಲಗಳೆಯಲಿಲ್ಲ. ಗನಿಸಾಬರು ಮಣ್ಣು ಹಾಕಿ ಹಿಂದಕ್ಕೆ ಸರಿದರು.

ಗಾಡಿಯನ್ನು ಶಹಾಬಾದಿನ ಮೇಸ್ತ್ರಿಗೆ ಒಯ್ಯುತ್ತೇನೆಂದು ಸತ್ತವನ ತಮ್ಮ ರೇವಣಸಿದ್ದ ಹಟ ಹಿಡಿದ. ಆ ಮನೆಗೆ ಉಳಿದ ದುಡಿಮೆ ಅದೊಂದೇ. ಇನ್ನು ಮೇಲೆ ಅವನೇ ನಡೆಸಬೇಕು. ಒಳಮನೆಯಲ್ಲಿ ಕುಳಿತಿದ್ದ ಭಾಗಮ್ಮ, ದೇವಿಂದ್ರಪ್ಪನ ಹೆಂಡತಿ, ಆಗ ಮೊದಲ ಸಲ ಬಾಯಿ ಬಿಟ್ಟಳು.

“ಗಾಡಿ ಗನಿಸಾಬರ ಕಡೀಗೇ ಹೋಗ್ಲಿ.”

“ಅವ್ರ ಕೈಯಿಂದನೇ ಹಿಂಗಾಗ್ಯಾದ ಅಂತ ಊರೆಲ್ಲ ಅನ್ಲಿಕತ್ತದ, ವೈನಿ,” ಎಂದ ರೇವಣಸಿದ್ದ ಅತ್ತಿಗೆಗೆ.

“ಊರು ಗಾಡಿ ತೆಳಗ ಹೊಕ್ಕು ನೋಡ್ಯಾದೇನು? ಏನಾಗ್ಯಾದಂತ ನನಗ ಗೊತ್ತಾಗ್ಬೇಕು. ಕಟ್ಟಿದವ್ರೇ ಬಿಚ್ಚಿ ಹೇಳ್ಲಿ.”

ಎರಡು ಜೋಡಿ ಎತ್ತು ಹೂಡಿ ಪಿಕಪ್ಪನ್ನು ಸೇಡಮ್ಮಿಗೆ ಎಳೆದು ತಂದರು. ಚಪ್ಪರದ ಮುಂದೆ ಎತ್ತಿನ ಕೊರಳ ಹಗ್ಗ ಬಿಚ್ಚಿ ರೇವಣಸಿದ್ದ ಅವನ್ನು ಹೊಡೆದುಕೊಂಡು ಹೊರಟುಹೋದ.

ಮರುದಿನ ನಸುಕಿನಲ್ಲಿ ಗನಿಸಾಬರು ಆ ಗಾಡಿಯ ಕೆಳಗೆ ಹೋಗುತ್ತಾರೆ. ಮೊದಲು ಅವರ ಬೆರಳು ಹುಡುಕುವುದು ಪಿನ್ನನ್ನು. ಪಿನ್ನು ಇದೆ! ಅವರ ಎದೆಯೊಳಗಿನ ಕಲ್ಲು ಒಂದು ಗಳಿಗೆ ಇಳಿಯುತ್ತದೆ. ಆದರೆ ಪಿನ್ನಿನ ಎರಡೂ ಕಾಲುಗಳು ಒಂದೇ ಕಡೆ ಮಡಚಿವೆ. ಅವರು ಎಂದೂ ಹಾಗೆ ಮಡಚಿದವರಲ್ಲ. ಒಂದು ಕಾಲು ಮೇಲಕ್ಕೆ, ಒಂದು ಕೆಳಕ್ಕೆ, ಅದು ವಾಡಿ ಶೆಡ್ಡಿನಲ್ಲಿ ಕಲಿತ ಪಾಠ. ತಮ್ಮ ನಂತರ ಈ ಕೀಲನ್ನು ಬೇರೆ ಯಾರೋ ಬಿಚ್ಚಿದ್ದಾರೆ. ತಿರುಪು ಬಿಚ್ಚುತ್ತಾರೆ. ಬಟ್ಟಲಿನ ಬುಡದಲ್ಲಿ ಕಪ್ಪಗೆ ಸುಟ್ಟು ಗಟ್ಟಿಯಾದ ಒಂದು ಚಿಂದಿ. ಮೂಸಿ ನೋಡಿದರೆ ಔಡಲೆಣ್ಣೆ, ಎಂದರೆ ಹರಳೆಣ್ಣೆ. ಬಿಡಿಸಿ ನೋಡಿದರೆ ಸಣ್ಣ ಸಣ್ಣ ಕೆಂಪು ಹೊಲಿಗೆ: ಹೊದೆಯುವ ಕೌದಿಯ ಅಂಚು.

ಬಂಡಿಯವರ ಮನೆಯಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಂಡಿಗಾಲಿಯ ನಡುವಿನ ಗುಂಬ ಸವೆದು ಗಾಲಿ ಕುಣಿಯತೊಡಗಿದರೆ, ಹಳೆಯ ಬಟ್ಟೆಯನ್ನು ಔಡಲೆಣ್ಣೆಯಲ್ಲಿ ನೆನೆಸಿ ಅಚ್ಚಿಗೆ ಸುತ್ತಿ ಗಾಲಿ ತೊಡಿಸುತ್ತಾರೆ. ಕುಣಿತ ನಿಲ್ಲುತ್ತದೆ, ಕಿರ್ರೆನ್ನುವುದು ನಿಲ್ಲುತ್ತದೆ, ಎತ್ತಿಗೂ ಹಗುರ. ಅಜ್ಜ ಮುತ್ತಜ್ಜರ ಕಾಲದಿಂದ ಬಂದ ಒಳ್ಳೆಯ ಉಪಾಯ. ಬಂಡಿಗೆ ಅದರಿಂದ ಕೇಡಿಲ್ಲ. ಎತ್ತಿನ ನಡಿಗೆಯಲ್ಲಿ ಗಾಲಿ ಕಳಚಿದರೂ ಮನುಷ್ಯ ಕೆಳಗೆ ಧುಮುಕಿ ನಿಲ್ಲುತ್ತಾನೆ. ದೇವಿಂದ್ರಪ್ಪನಿಗೆ ಟಕ್ ಎನ್ನುವ ಸದ್ದು ಕೇಳಿರಬೇಕು. ಸುಗ್ಗಿಯ ದಿನಗಳು, ಒಂದು ದಿನ ಗಾಡಿ ನಿಂತರೆ ಹತ್ತು ಮನೆಯ ಮಾಲು ನಿಲ್ಲುತ್ತದೆ. ತನ್ನ ಹಿರಿಯರು ಮಾಡುತ್ತಿದ್ದುದನ್ನೇ ಅವನೂ ಮಾಡಿದ. ಸದ್ದು ನಿಂತಿತು. ಸದ್ದು ನಿಂತರೂ ಸವೆತ ನಿಲ್ಲಲಿಲ್ಲ. ಚಿಂದಿ ಸುಟ್ಟು ಕುಗ್ಗಿದ ದಿನ ಗುಂಡು ಬಟ್ಟಲು ಬಿಟ್ಟು ಹೊರಬಂತು.

ಇಮಾಮ್ಬೀ ಚಹಾ ತಂದವಳು ಗಂಡನ ಅಂಗೈಯಲ್ಲಿದ್ದುದನ್ನು ನೋಡುತ್ತಾಳೆ. “ಅಲ್ಲಾ! ನಿಮ್ಮದೇನೂ ತಪ್ಪಿಲ್ಲಲ್ಲ. ಈಗಿಂದೀಗ ಬಜಾರಕ್ಕ ಹೋಗಿ ಎಲ್ಲರಿಗಿ ತೋರಿಸ್ರಿ.”

“ಏನಂತ ತೋರಿಸ್ಲಿ? ಸತ್ತವನೇ ತನ್ನ ಸಾವು ತಂದ್ಕೊಂಡ ಅಂತನಾ?”

“ಖರೇ ಇದ್ದದ್ದು ಹೇಳಾಕ ಏನ್ರಿ?”

“ಅವನು ನನ್ನ ಸಾಮಾನು ಕಾಯ್ದವ. ನಾನು ಅವನ ಹೆಸ್ರು ಕಾಯಬಾರ್ದಾ?”

“ಅವನ ಹೆಸ್ರು ಕಾಯ್ರಿ, ಬ್ಯಾಡನ್ನಲ್ಲ. ನಿಮ್ಮ ಹೆಸ್ರು ಬೀದ್ಯಾಗ ಬಿದ್ದದ, ಅದನ್ಯಾರು ಎತ್ತವ್ರು? ಒಂದು ಗಾಡಿನಾರ ಬಂದದೇನು ಈ ಕಡಿ?”

ಬಂದಿರಲಿಲ್ಲ. ಚಪ್ಪರದಲ್ಲಿದ್ದ ಹಳೆಯ ಲಾರಿಯನ್ನೂ ಅದರ ಮಾಲೀಕ ಅರ್ಧ ಕೆಲಸದಲ್ಲೇ ಎಳೆಸಿಕೊಂಡು ಹೋಗಿದ್ದ. ಗನಿಸಾಬರು ಚಿಂದಿಯನ್ನು ಒಂದು ಡಬ್ಬಿಯಲ್ಲಿಟ್ಟು ಮುಚ್ಚುತ್ತಾರೆ. ಮುಚ್ಚಿದ್ದನ್ನು ಮತ್ತೆ ತೆರೆದು ನೋಡುತ್ತಾರೆ. ಕಾಗಿಣಾ ನದಿಯವರೆಗೆ ನಡೆದು ಹೋಗುತ್ತಾರೆ, ನೀರು ಮುಟ್ಟದೆ ಹಿಂದಿರುಗುತ್ತಾರೆ. ಊಟಕ್ಕೆ ಕೂತವರು ತುತ್ತು ಬಿಟ್ಟು ಎದ್ದು ಹೋಗಿ ಗಾಡಿಯ ಕೆಳಗೆ ಇಣುಕುತ್ತಾರೆ. ಸುಮ್ಮನಿರುವುದೆಂದು ಮನಸ್ಸು ಗಟ್ಟಿಮಾಡಿಕೊಂಡಿದ್ದರು. ಹೋದವನಿಗೆ ಅಷ್ಟಾದರೂ ಸಲ್ಲಲಿ ಎಂದಿತ್ತು ಅವರ ಮನಸ್ಸಿನಲ್ಲಿ.

ಆ ಸುಮ್ಮನಿರುವಿಕೆಯನ್ನು ಮುರಿದವನು ಚಾಂದ್. ವಾಡಿಯಿಂದ ಕಲ್ಲು ಹೇರಿಕೊಂಡು ಬಂದವನು, ಗೆಳೆಯನ ಮುಖ ಇಳಿದಿರುವುದನ್ನು ಕಂಡು, ಸಮಾಧಾನ ಹೇಳಲೆಂದೇ ಲಾರಿ ನಿಲ್ಲಿಸಿದ.

“ನೀವ್ಯಾಕ ಇಷ್ಟು ಫಿಕರ್ ಮಾಡ್ತೀರಿ ಭಾಯ್? ನನ್ ಗಾಡಿ ನೋಡ್ರಿ, ಕಡಕಡಾ ಅಂತಿತ್ತು. ಈಗ ಹೊಸ ಮದುಮಗಳ ಹಂಗ ಗಪ್ಪನ ನಡೀತದ.”

ಗನಿಸಾಬರು ತಲೆಯೆತ್ತುತ್ತಾರೆ. “ಯಾರು ರಿಪೇರಿ ಮಾಡ್ಯಾರ?”

“ಯಾರ್ಯಾಕ ಮಾಡ್ಬೇಕ್ರಿ? ನಾನೇ. ಒಂದು ಚಿಂದಿ, ಜರಾ ಔಡಲೆಣ್ಣಿ. ದೇವಿಂದ್ರಪ್ಪನೇ ಕಲಿಸಿದ್ದು, ಪಾಪ. ವಾಡ್ಯಾಗ, ಚಿತ್ತಾಪುರದಾಗ ಈಗ ಎಲ್ಲರೂ ಹಂಗೇ ಮಾಡ್ಲಿಕತ್ತಾರ.”

ಗನಿಸಾಬರು ಎದ್ದವರೇ ಜಾಕು ಎತ್ತಿಕೊಳ್ಳುತ್ತಾರೆ. “ಇಳಿ ತೆಳಗ.”

“ಏ ಭಾಯ್, ಮಾಲು ಮುಟ್ಟಿಸ್ಬೇಕು! ಕೋಡ್ಲಾದಾಗ ಕಾಯಾಕತ್ತಾರ.”

“ಇಳಿ ಅಂದೆ! ಮಾಲಷ್ಟೇ ಅಲ್ಲ, ನೀನೂ ಮುಟ್ಟಂಗಿಲ್ಲ.”

ಚಾಂದನ ಲಾರಿಯ ಕೀಲಿನಿಂದ ಬಂದದ್ದು ಹಳೆಯ ಲುಂಗಿಯ ತುಂಡು. ಇನ್ನೂ ಪೂರ್ತಿ ಸುಟ್ಟಿರಲಿಲ್ಲ. ಅದರ ಹಿಂದಿದ್ದ ಗುಂಡು ಬದನೆಕಾಯಿಯ ಹಾಗೆ ಒಂದು ಕಡೆ ಸಪೂರವಾಗಿತ್ತು. ಚಾಂದ್ ಅದನ್ನು ಕೈಗೆ ತೆಗೆದುಕೊಂಡು ನೋಡಿದ, ಹೊರಳಿಸಿ ನೋಡಿದ, ಆಮೇಲೆ ರಸ್ತೆಯ ಬದಿಯ ಕಲ್ಲಿನ ಮೇಲೆ ಕುಳಿತುಬಿಟ್ಟ.

ಇನ್ನು ಸುಮ್ಮನಿರುವ ಹಾಗಿಲ್ಲ ಎಂದು ಗನಿಸಾಬರಿಗೆ ಅಲ್ಲಿಯೇ ತಿಳಿಯಿತು. ಆದರೆ ಈ ಮಾತು ಬಜಾರಿಗೆ ಹೋಗುವ ಮೊದಲು ಒಂದು ಮನೆಗೆ ಹೋಗಬೇಕು. ಬೇರೆಯವರ ಬಾಯಿಂದ ಆ ಹೆಣ್ಣುಮಗಳು ಕೇಳಬಾರದು. ಇಮಾಮ್ಬೀಯೂ ಜೊತೆಗೆ ಹೊರಟಳು.

ಚಂದಾಪುರದ ಮನೆಯಲ್ಲಿ ಭಾಗಮ್ಮ ಅವರಿಗೆ ಕಂಬಳಿ ಹಾಸಿ, “ಕುಂದ್ರಿ,” ಎನ್ನುತ್ತಾಳೆ. ರೇವಣಸಿದ್ದ ಬಾಗಿಲಲ್ಲೇ ನಿಲ್ಲುತ್ತಾನೆ. ಗನಿಸಾಬರು ಕಂಬಳಿಯ ಅಂಚಿಗೆ ಕೂಡುತ್ತಾರೆ. ಡಬ್ಬಿ ತೆರೆದು ಮುಂದಿಡುತ್ತಾರೆ. ಭಾಗಮ್ಮ ಚಿಂದಿಯನ್ನು ಎತ್ತಿಕೊಂಡು ಕೆಂಪು ಹೊಲಿಗೆಯ ಮೇಲೆ ಬೆರಳಾಡಿಸುತ್ತಾಳೆ.

“ಇದು ನನ್ನ ಕೈ ಹೊಲಿಗಿ.”

ಆಕೆ ಚಿಂದಿಯನ್ನು ಮಡಿಲಲ್ಲಿಟ್ಟುಕೊಳ್ಳುತ್ತಾಳೆ.

“ಗಾಡಿ ಕೀಲಿಗಿ ಜರಾ ಮೆತ್ತಂದು ಅರಿವಿ ಬೇಕು ಅಂದ್ರು. ಕೌದಿ ಅಂಚು ಹರದು ನಾನೇ ಕೊಟ್ಟೆ. ಔಡಲೆಣ್ಣ್ಯಾಗ ನೆನಸಿ ಕೊಟ್ಟಾಕಿನೂ ನಾನೇ.” ಆಕೆ ತಲೆಯೆತ್ತಿ ಕೇಳುತ್ತಾಳೆ: “ಇದೇ ಏನ್ರಿ ಅವ್ರನ್ನ ಒಯ್ದದ್ದು?”

ರೇವಣಸಿದ್ದ ಒಳಗೆ ಒಂದು ಹೆಜ್ಜೆ ಇಡುತ್ತಾನೆ. ಇಮಾಮ್ಬೀ ಗಂಡನ ಮುಖ ನೋಡುತ್ತಾಳೆ. ಇಲ್ಲವೆಂದರೆ ಆ ಜೀವ ಹಗುರಾಗುತ್ತದೆ. ಹೌದೆಂದರೆ ಗನಿಸಾಬರ ಹೆಸರು ಹಗುರಾಗುತ್ತದೆ. ಅವರು ಎರಡನ್ನೂ ಹೇಳುವುದಿಲ್ಲ. ಕೆಲಸಗಾರನಾಗಿ ತಮ್ಮ ಕೈಗೆ ತಿಳಿದದ್ದನ್ನು ಹೇಳುತ್ತಾರೆ.

“ಒಯ್ದದ್ದು ಗುಂಡಿನ ಸವೆತ, ಅವ್ವಾ. ಅದು ದೀಪಾವಳಿಗೇ ಸವದಿತ್ತು. ಆವಾಜ್ ಬಂದ್ರ ಬಾ ಅಂತ ನಾನು ಆವಾಜಿನ ಮ್ಯಾಲೇ ಬಿಟ್ಟೆ. ಅರಿವಿ ಆ ಆವಾಜಿನ ಬಾಯಿ ಮುಚ್ಚಿತು, ಅಷ್ಟೇ. ನೀನು ಕೊಟ್ಟಿದ್ದು ಸೇವಾ. ಅವನು ಮಾಡಿದ್ದು ಅವರಪ್ಪ ಕಲಿಸಿದ ಕೆಲ್ಸ. ಬಂಡಿದು ಮೋಟಾರಕ್ಕ ಆಗಂಗಿಲ್ಲ ಅಂತ ನಿಮಗ್ಯಾರೂ ಹೇಳಿದ್ದಿಲ್ಲ. ನಾನು ಹೇಳ್ಬೇಕಿತ್ತು.”

ಭಾಗಮ್ಮ ಅಳಲಿಲ್ಲ. ಚಿಂದಿಯನ್ನು ಮತ್ತೆ ಡಬ್ಬಿಯಲ್ಲಿಟ್ಟು ಮುಚ್ಚಿದಳು. ಆಮೇಲೆ ಕೇಳಿದಳು. “ಮತ್ತ್ಯಾರ ಗಾಡ್ಯಾಗ ಹಿಂಗ ಅದ?”

“ಭಾಳ ಮಂದಿದ್ರಾಗ ಅದ, ಅವ್ವಾ. ಅದಕ್ಕೇ ಬಂದೀನಿ. ಹೇಳ್ಬೇಕಂದ್ರ ದೇವಿಂದ್ರನ ಹೆಸ್ರು ಬರ್ತದ. ನೀ ಬ್ಯಾಡಂದ್ರ—”

“ಯಾಕ ಬ್ಯಾಡಂತೀನ್ರಿ?” ಭಾಗಮ್ಮನ ದನಿ ಮೊದಲ ಸಲ ಏರುತ್ತದೆ. “ಹೆಸ್ರು ಹೇಳೇ ಹೇಳ್ರಿ. ಬರೇ ಗಾಡಿ ಕೆಟ್ಟಿತ್ತು ಅಂದ್ರ ಯಾರ್ ಕೇಳ್ತಾರ? ದೇವಿಂದ್ರಪ್ಪ ಹಿಂಗ ಹೋದ ಅನ್ರಿ. ಆಗ ಇಳದು ನೋಡ್ತಾರ. ಅವ್ರ ಹೆಂಡ್ರೂ ನನ್ನಂಗೇ ಅರಿವಿ ಹರದು ಕೊಟ್ಟಿರ್ತಾರಲ್ರಿ. ಅವ್ರಿಗಿ ಹೇಳ್ರಿ.”

ಬಾಗಿಲಲ್ಲಿದ್ದ ರೇವಣಸಿದ್ದ ತಲೆ ತಗ್ಗಿಸಿದ. ಗುಣಿಯ ಬಳಿ ಆ ಮಾತು ಆಡಿದವರ ಪಕ್ಕದಲ್ಲೇ ಅವನು ನಿಂತಿದ್ದ. ಈಗ ನೀರಿನ ಚರಿಗೆ ತಂದು ಗನಿಸಾಬರ ಮುಂದಿಟ್ಟು, “ಕುಡೀರಿ ಚಾಚಾ,” ಎಂದ.

ಅಂದಿನಿಂದ ಗನಿಸಾಬರ ತಿರುಗಾಟ ಆರಂಭವಾಯಿತು. ಚಾಂದನ ಲಾರಿಯಲ್ಲಿ, ರೈಲಿನಲ್ಲಿ, ಸಿಕ್ಕ ಬಂಡಿಯಲ್ಲಿ, ಏನೂ ಸಿಗದಿದ್ದರೆ ಕಾಲ್ನಡಿಗೆಯಲ್ಲಿ. ಶಹಾಬಾದಿನಲ್ಲಿ ಕಲ್ಲು ಹೇರುವ ಕಡೆ, ವಾಡಿಯಲ್ಲಿ ಮಾಲು ಇಳಿಸುವ ಕಟ್ಟೆಯ ಬಳಿ, ಚಿತ್ತಾಪುರದ ಅಡತಿ ಅಂಗಡಿಗಳ ಮುಂದೆ, ಎಲ್ಲಿ ನಾಲ್ಕು ಗಾಡಿ ನಿಂತಿವೆಯೋ ಅಲ್ಲಿ ಜಾಕು ಇಳಿಸುತ್ತಾರೆ. ಡ್ರೈವರುಗಳು ಮೊದಲು ನಕ್ಕರು. “ಗನಿಸಾಬ್, ರಿಪೇರಿ ಬಿಟ್ಟು ಚಿಂದಿ ವ್ಯಾಪಾರ ಹಿಡದೀರೇನ್ರಿ?” ಎಂದನೊಬ್ಬ. “ಇಷ್ಟು ಅರಿವಿ ಕೂಡಿತಂದ್ರ ಒಂದು ಕೌದಿನೇ ಆಗ್ತದ,” ಎಂದ ಇನ್ನೊಬ್ಬ. ವಾಡಿಯ ಕಟ್ಟೆಯಲ್ಲಿ ಒಬ್ಬ ಹಿರಿಯ ಡ್ರೈವರ್ ಸಿಟ್ಟಾಗಿ, “ನಿನ್ನ ತಪ್ಪು ಮುಚ್ಚಾಕ ಸತ್ತವನ ಮ್ಯಾಲೆ ಹಾಕ್ತಿಯೇನೋ?” ಎಂದು ಎದೆಯ ಮೇಲೆ ಕೈಯಿಟ್ಟು ದಬ್ಬಿದ.

ಗನಿಸಾಬರು ಜಾಕು ಎತ್ತಿಕೊಂಡು ಮುಂದಿನ ಗಾಡಿಗೆ ಹೋದರು. ಉತ್ತರ ಕೊಟ್ಟವಳು ಭಾಗಮ್ಮ. ಶಿವಗಣಾರಾಧನೆ ಮುಗಿದ ಮೇಲೆ ಆಕೆ ಮೈದುನನನ್ನು ಕರೆದುಕೊಂಡು ಸೇಡಮ್ಮಿನ ಸಂತೆಗೆ ಬಂದಳು. ಗಾಡಿಗಳು ನಿಲ್ಲುವ ಕಡೆ, ಸೆರಗು ತಲೆಯ ಮೇಲೆಳೆದುಕೊಂಡು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: “ಆ ಅರಿವಿ ನಾ ಕೊಟ್ಟದ್ದು. ಗನಿಸಾಬರು ಕೊಟ್ಟಿದ್ದಲ್ಲ. ನಿಮ್ಮ ಮನ್ಯಾಗ ಕೊಟ್ಟವ್ರಿದ್ರ ಹೋಗಿ ಬಿಚ್ಚಿಸ್ಕೊಂಡು ಬರ್ರಿ. ನನ್ನಂಗ ಕುಂದ್ರೂದು ಬ್ಯಾಡ ಅವ್ರು.” ಅಷ್ಟೇ ಹೇಳಿ ಹೋದಳು. ಆ ಸಂಜೆ ಗಾಡಿಯಿಂದ ಗಾಡಿಗೆ ಜಾಕು ಕೈ ಬದಲಾಯಿಸಿತೆಂದು ನೋಡಿದವರು ಹೇಳುತ್ತಾರೆ. ದಬ್ಬಿದ ಹಿರಿಯ ಡ್ರೈವರನೂ ತನ್ನ ಲಾರಿಯ ಕೆಳಗೆ ಹೊಕ್ಕು ಬಹಳ ಹೊತ್ತು ಹೊರಗೆ ಬರಲಿಲ್ಲವಂತೆ. ಅವನು ಈವರೆಗೆ ಗನಿಸಾಬರ ಚಪ್ಪರಕ್ಕೆ ಬಂದಿಲ್ಲ. ಬಾರದವರು ಇನ್ನೂ ಇದ್ದಾರೆ. ಕೆಲವರು ಈಗಲೂ ಆ ಚಪ್ಪರದ ಮುಂದೆ ಹಾಯುವಾಗ ಮುಖ ತಿರುಗಿಸುತ್ತಾರೆ.

ಇದೆಲ್ಲದರ ನಡುವೆ ಕೆಂಚಿಯ ಕೆಲಸ ನಡೆದಿತ್ತು. ಹೈದರಾಬಾದಿನ ಗುಜರಿಯಿಂದ ಅದೇ ಜಾತಿಯ ಗಾಡಿಯ ಗುಂಡು ತರಿಸಿದ್ದರು. ಬಗ್ಗಿದ ಕೋಲನ್ನು ಕುಲುಮೆಯಲ್ಲಿ ಕಾಯಿಸಿ ನೆಟ್ಟಗೆ ಮಾಡಬಹುದಿತ್ತು. ಕಾದು ತಣಿದ ಕಬ್ಬಿಣವನ್ನು ನಂಬಲಾರೆನೆಂದು ಬೇರೆ ಕೋಲನ್ನೇ ಹಾಕಿದರು. ಬಟ್ಟಲು ಮಾಡಿದರು, ಕಾಡಿಗೆ ಸವರಿ ನೋಡಿದರು, ಸಮಾಧಾನವಾಗದೆ ಬಿಸಾಡಿ ಹೊಸದನ್ನು ಮಾಡಿದರು. “ಇನ್ನೇನು ಉಳದದ್ರಿ, ಕೂಡಿಸಬಾರ್ದಾ?” ಎಂದು ಇಮಾಮ್ಬೀ ಕೇಳಿದರೆ, “ಇನ್ನೂ ಕೈಗಿ ಹೌದು ಅನಸವಲ್ದು,” ಎನ್ನುತ್ತಿದ್ದರು. ಕೂಡಿಸಿ, ಬಿಗಿಸಿ, ಪಿನ್ನು ಹಾಕಿ, ಒಂದು ಕಾಲು ಮೇಲಕ್ಕೆ ಒಂದು ಕೆಳಕ್ಕೆ ಮಡಚಿ, ಎದ್ದು ಹೋದವರು ಮತ್ತೆ ಬಂದು ಬೆರಳಿನಿಂದ ಮುಟ್ಟಿ ನೋಡಿದರು. ಹಾಗೆ ಮುಟ್ಟಿ ನೋಡುವುದು ಈಗ ಅವರ ಹೊಸ ರೂಢಿ.

ಮೊದಲ ಸವಾರಿಯ ದಿನ ರೇವಣಸಿದ್ದ ಚಕ್ರದ ಹಿಂದೆ ಕುಳಿತ. ಗನಿಸಾಬರು ಪಕ್ಕದಲ್ಲಿ. ಭಾಗಮ್ಮ ಹೇಳದೆಯೇ ಬಂದು ಹಿಂಭಾಗಕ್ಕೆ ಹತ್ತಿದಳು. ಬೇಡವೆಂದು ಇಬ್ಬರೂ ಅನ್ನಲಿಲ್ಲ. ಚಿಂಚೋಳಿಯ ದಾರಿ ಹಿಡಿದು ಹೋದರು. ತೊಗರಿ ಕೊಯ್ದ ಹೊಲಗಳು ಬೋಳಾಗಿದ್ದವು. ದೇವಿಂದ್ರಪ್ಪ ಬಿದ್ದ ಆ ಇಳಿಜಾರು ಕಂಡಾಗ ರೇವಣಸಿದ್ದ ಗಾಡಿ ನಿಧಾನ ಮಾಡಿ ಚಕ್ರವನ್ನು ಬಿಗಿಯಾಗಿ ಹಿಡಿದ.

“ಚಾಚಾ, ನನ್ನ ಕೈಲಾಗವಲ್ದು.”

“ಕೈ ಸಡಿಲ ಬಿಡು. ಗಾಡಿ ಏನ್ ಹೇಳ್ತದ, ಕೇಳು.”

“ಏನೂ ಹೇಳವಲ್ದು.”

“ನಾನೂ ಕೇಳಾಕತ್ತೀನಿ. ಈ ಸಲ ಹೇಳೂದಿಲ್ಲ ಅಂದ್ರ ಖರೇನೇ ಏನೂ ಇಲ್ಲ. ಬಲಕ್ಕ ತಿರುಗಿಸು.”

ತಿರುಗಿಸಿದ. ಗಾಡಿ ತಿರುಗಿತು. ಮೋರಿ ದಾಟಿ, ಏರು ಹತ್ತಿ, ಬೇವಿನ ನೆರಳಿನಲ್ಲಿ ನಿಂತಿತು. ರೇವಣಸಿದ್ದ ಚಕ್ರದ ಮೇಲೆ ಹಣೆಯಿಟ್ಟು ಮಗುವಿನಂತೆ ಅತ್ತ. ಗನಿಸಾಬರು ಅವನ ಬೆನ್ನ ಮೇಲೆ ಕೈಯಿಟ್ಟು ಕುಳಿತರು.

ನಿಮಗೇನು ಬೇಕು ಎಂದು ಕೇಳಿದರೆ ಗನಿಸಾಬರು ಸಂಕೋಚಪಡುತ್ತಾರೆ. ಚಪ್ಪರಕ್ಕೆ ಒಂದು ಗೋಡೆಯಾಗಬೇಕು ಎನ್ನುತ್ತಾರೆ, ಗಾಳಿಯ ಸದ್ದು ಒಳಗೆ ಬಾರದಂತೆ. ಆಮೇಲೆ ಹೇಳುತ್ತಾರೆ: “ಗಾಡಿ ಹತ್ತಿದವ್ರು ಮಾತಾಡ್ಕೋತ, ನಿದ್ದಿ ಮಾಡ್ಕೋತ ಊರು ಮುಟ್ಟಬೇಕ್ರಿ. ತೆಳಗೊಂದು ಕೀಲು ಅದ ಅಂತ ಅವ್ರಿಗಿ ನೆನಪೇ ಆಗಬಾರ್ದು. ಅಷ್ಟು ಆದ್ರ ನಾ ಮಾಡಿದ್ದು ಕೆಲ್ಸ.”

ಆ ಮೊದಲ ಸವಾರಿಯ ದಿನ ಭಾಗಮ್ಮ ಗಾಡಿಯಿಂದಿಳಿದು ಹಿಂದಕ್ಕೆ ನಡೆದು ಮೋರಿಯ ಕಲ್ಲಿಗೆ ವಿಭೂತಿ ಹಚ್ಚಿ ಪತ್ರಿ ಏರಿಸಿದಳು. ಗನಿಸಾಬರು ಪಾದರಕ್ಷೆ ಕಳಚಿ ಎರಡೂ ಕೈಯೆತ್ತಿ ನಿಂತರು. ಒಬ್ಬರು ಶಿವನೆಂದರು, ಒಬ್ಬರು ಅಲ್ಲಾ ಎಂದರು. ಇಬ್ಬರೂ ಬೇಡಿಕೊಂಡದ್ದು ಒಂದೇ ಜೀವಕ್ಕಾಗಿ, ದೇವಿಂದ್ರಪ್ಪನಿಗಾಗಿ: ದಯಾಮಯನಾದ ತಂದೆಯೇ, ಜನರನ್ನು ಅವರವರ ಮನೆ ಮುಟ್ಟಿಸಿ ದಣಿದ ಈ ಮಗನನ್ನು ನಿನ್ನ ಮನೆಯೊಳಗೆ ಕರೆದುಕೋ. ಅವನು ಅರಿಯದೆ ಮಾಡಿದ್ದನ್ನು ಎಣಿಸಬೇಡ. ಅವನ ಜೀವ ನಿನ್ನ ಪಾದದ ನೆರಳಿನಲ್ಲಿ ತಣ್ಣಗಿರಲಿ.